ಮನೆಯಲ್ಲಿದ್ದ ಅಷ್ಟೂ ಫೋಟೊ

ನಮ್ಮ ಕಸುಬಿನಲ್ಲಿ ಒಂದು ಕೆಟ್ಟ ಜಾಣತನವಿದೆ. ಅದನ್ನು ಯಾವ ಕಾಲೇಜಿನಲ್ಲೂ ಕಲಿಸುವುದಿಲ್ಲ. ಸಾವಾದ ಮನೆಗೆ ಮೊದಲು ಹೋಗುವ ವರದಿಗಾರ ಸತ್ತವರ ಒಂದು ಫೋಟೊ ಕೇಳುವುದಿಲ್ಲ, ಮನೆಯಲ್ಲಿರುವ ಅಷ್ಟೂ ಫೋಟೊ ಎತ್ತಿಕೊಂಡು ಬರುತ್ತಾನೆ. ಗೋಡೆಯ ಮೇಲಿನದು, ಆಲ್ಬಮ್ಮಿನದು, ಬೀರುವಿನ ಮೂಲೆಯಲ್ಲಿ ಬಿದ್ದಿರುವ ಪಾಸ್‌ಪೋರ್ಟ್ ಸೈಜಿನದು, ಒಂದನ್ನೂ ಬಿಡಬಾರದು. ಹಿಂದಿನಿಂದ ಬರುವ ಬೇರೆ ಪತ್ರಿಕೆಯವನಿಗೆ ಬರಿಗೋಡೆ ಸಿಗಬೇಕು. ವಾಪಸು ಕೊಡುತ್ತೇವೆ ಎಂದು ಮಾತು ಕೊಟ್ಟೇ ತರುತ್ತೇವೆ. ಕೆಲವು ಸಲ ಕೊಟ್ಟದ್ದೂ ಉಂಟು.

ಈ ವಿದ್ಯೆಯಲ್ಲಿ ಮೈಸೂರಿನಲ್ಲಿ ನನ್ನನ್ನು ಮೀರಿಸಿದವರಿರಲಿಲ್ಲ. ನನ್ನ ಹೆಸರು ಲಕ್ಷ್ಮೀನರಸಿಂಹ, ವಯಸ್ಸು ಐವತ್ತನಾಲ್ಕು, ಒಂದು ಸಂಜೆ ಪತ್ರಿಕೆಯ ವರದಿಗಾರ. ತಾತ ಅರಮನೆಯಲ್ಲಿ ಕಾಗದಪತ್ರ ನೋಡಿಕೊಳ್ಳುತ್ತಿದ್ದವರು, ಅಪ್ಪ ಸಂಸ್ಕೃತದ ಮೇಷ್ಟ್ರು, ನಾನು ಹೀಗಾದೆ. ಹೆಂಡತಿ ರಮಾಮಣಿ ಸಿಟ್ಟು ಬಂದಾಗ ನನ್ನನ್ನು ‘ಫೋಟೊ ಕಳ್ಳ’ ಎನ್ನುತ್ತಾಳೆ. ನಗುತ್ತಿದ್ದೆ. ಈಗ ನಗು ಬರುವುದಿಲ್ಲ.

ಗಡಿಯಲ್ಲಿ ಕಾಳಗ ಶುರುವಾಗಿ ಮೂರನೆಯ ದಿನ. ಟೀವಿಯವರ ಆರ್ಭಟ ಕೇಳಿ ಕೇಳಿ ನನ್ನ ತಲೆ ಕೆಟ್ಟುಹೋಗಿತ್ತು. ಸ್ಟುಡಿಯೊದ ಒಳಗೆ ಸೈರನ್ ಊದಿಸಿಕೊಂಡು, ಕಂಪ್ಯೂಟರಿನಲ್ಲಿ ವಿಮಾನ ಹಾರಿಸಿಕೊಂಡು, ಒಬ್ಬೊಬ್ಬನೂ ಕೂತಲ್ಲೇ ಒಂದೊಂದು ಊರು ಗೆದ್ದುಬಿಟ್ಟಿದ್ದ. ದರಿದ್ರದವರು! ಹಾಗಂತ ನಾನೇನೂ ಸಾಚಾ ಅಲ್ಲ. ದಟ್ಟಗಳ್ಳಿಯ ಮನೆಯಲ್ಲಿ ಕಾಫಿ ಹೀರುತ್ತ, ‘ವೈರಿ ತತ್ತರ’ ಎಂಬ ತಲೆಬರಹ ಕೊಟ್ಟವನು ನಾನೇ. ಯುದ್ಧ ಎನ್ನುವುದು ನನಗೆ ಫೋನಿನಲ್ಲಿ ಬಂದು ಫೋನಿನಲ್ಲೇ ಹೋಗುವ ಸಂಗತಿಯಾಗಿತ್ತು.

ಅವತ್ತು ಬೆಳಿಗ್ಗೆ ಒಂಬತ್ತೂವರೆಗೆ ಮಾಜಿ ಸೈನಿಕರ ಸಂಘದ ರಾಜೇಶ್ ಫೋನು ಮಾಡಿದ. ಗಟ್ಟಿ ಮನುಷ್ಯ, ಅವತ್ತು ನಮಸ್ಕಾರವನ್ನೂ ಹೇಳದೆ ಶುರು ಮಾಡಿದ.

“ಸಾರ್, ನಮ್ಮ ಕುಂಬಾರಕೊಪ್ಪಲಿನ ಹುಡುಗ ಒಬ್ಬ, ಸ್ವರೂಪ್ ಅಂತ. ಇಪ್ಪತ್ತಾರು ವರ್ಷ. ರಾತ್ರಿ ಶೆಲ್ ಬಿದ್ದು ಹೋಗ್ಬುಟ್ಟ ಅಂತ ಅವನ ಯೂನಿಟ್‌ನಿಂದ ಒಬ್ರು ಹೇಳಿದ್ರು. ನಿಮಗೇನಾದ್ರೂ ಬಂತಾ ಅಂತ ಕೇಳೋಕೆ ಮಾಡ್ದೆ. ಇನ್ನೂ ಸೈನ್ಯದವ್ರು ಪ್ರಕಟ ಮಾಡಿಲ್ಲ. ಬರ್ದುಗಿರ್ದು ಬುಟ್ಟೀರಿ, ದಮ್ಮಯ್ಯ!”

“ಮನೆಯವರಿಗೆ ಗೊತ್ತಾ?”

“ಇಲ್ಲ ಅನ್ಸುತ್ತೆ ಸಾರ್. ತಂದೆ ಇಲ್ಲ. ತಾಯಿ ದೇವೀರಮ್ಮ ಅಂತ, ಹಿಟ್ಟಿನ ಮಿಲ್ಲು ಇಟ್ಕೊಂಡವ್ರೆ. ಈಗ ತಾನೆ ಆ ಬೀದೀಲೇ ಬಂದೆ, ಮಿಲ್ಲು ಓಡ್ತಾ ಅದೆ.”

ಬರೆಯಬೇಡಿ ಎಂದು ಅವನು ಹೇಳಿದ ಎರಡನೇ ನಿಮಿಷಕ್ಕೆ ನಾನು ಸಂಪಾದಕನಿಗೆ ಹೇಳಿದ್ದೆ. ಸಂಪಾದಕ ವಸಿಷ್ಠ ಮಾಲೀಕರ ಮಗ, ನನಗಿಂತ ಇಪ್ಪತ್ತು ವರ್ಷ ಚಿಕ್ಕವನು. ಅವನು ಕುರ್ಚಿಯಿಂದ ಎದ್ದೇಬಿಟ್ಟ.

“ಯಾರಿಗೂ ಗೊತ್ತಿಲ್ಲ ತಾನೇ? ಒಂದೂವರೆಗೆ ಪುಟ ಕಳಿಸಬೇಕು ಸಾರ್. ಹುಡುಗ ಫೇಸ್‌ಬುಕ್‌ನಲ್ಲಿಲ್ಲ, ಹುಡುಕಿದೆ. ಫೋಟೊ ಮನೆಯಿಂದಲೇ ಬರಬೇಕು. ನೀವಿದೀರಲ್ಲ! ತಾಯಿಗೆ ವಿಷಯ ನೀವೇ ಹೇಳಿ, ಹೇಳುವಾಗ ಮೊಬೈಲ್ ಆನ್ ಮಾಡಿಟ್ಕೊಂಡಿರಿ.”

ಥೂ ನಿನ್ನ, ಎಂದು ನನ್ನ ಬಾಯಿಗೆ ಬಂದದ್ದು ನಿಜ. ಬಾಯಿಗೆ ಬಂದದ್ದನ್ನು ನುಂಗಿಕೊಂಡು ಸ್ಕೂಟರ್ ಹತ್ತಿದ್ದೂ ಅಷ್ಟೇ ನಿಜ. ದಾರಿಯುದ್ದಕ್ಕೂ ನಾನು ಯೋಚಿಸಿದ್ದು ಏನು ಗೊತ್ತೇ? ಯಾವ ಸುಳ್ಳು ಹೇಳಿದರೆ ಫೋಟೊ ಸಿಕ್ಕೀತು ಎಂದು.

ಗಿರಣಿಯ ಸದ್ದು ಎರಡು ಬೀದಿ ಆಚೆಗೇ ಕೇಳುತ್ತಿತ್ತು. ಮುಂಭಾಗದಲ್ಲಿ ಗಿರಣಿ, ಹಿಂದೆ ಮನೆ. ಬಾಗಿಲಲ್ಲಿ ಹತ್ತು ಹನ್ನೆರಡು ಡಬ್ಬಗಳು ಸಾಲಾಗಿ ಕೂತಿದ್ದವು. ಒಳಗೆ ದೇವೀರಮ್ಮ ಗೋಧಿ ಸುರಿಯುತ್ತಿದ್ದರು. ಐವತ್ತರ ಒಳಗಿನ ಹೆಂಗಸು. ಹುಬ್ಬು, ರೆಪ್ಪೆ, ಕಿವಿಯ ಓಲೆ ಎಲ್ಲಾ ಹಿಟ್ಟಿನಿಂದ ಬೆಳ್ಳಗಾಗಿದ್ದವು. ನಾನು ಕೂಗಿ ಹೇಳಿದೆ, ಪೇಪರಿನವನು ಎಂದು. ಅವರು ನನ್ನನ್ನು ಒಂದು ಗಳಿಗೆ ನೋಡಿದರು. ಆಮೇಲೆ ಒಂದಿಡೀ ಡಬ್ಬದ ಗೋಧಿಯನ್ನು ಗಿರಣಿಯ ಬಾಯಿಗೆ ಸುರಿದು, ಗಿರಣಿಯನ್ನು ಅದರ ಪಾಡಿಗೆ ಓಡಲು ಬಿಟ್ಟು, ಒಳಗೆ ಬನ್ನಿ ಎಂದು ಕೈಸನ್ನೆ ಮಾಡಿದರು.

ಒಳಮನೆಯಲ್ಲಿ ಗೋಡೆಯೂ ನಡುಗುತ್ತಿತ್ತು. ನಾನು ದಾರಿಯಲ್ಲಿ ಹೊಂದಿಸಿಕೊಂಡಿದ್ದ ಸುಳ್ಳನ್ನು ಹೇಳಿದೆ. “ಸೈನಿಕರ ಬಗ್ಗೆ ಒಂದು ವಿಶೇಷ ಪುಟ ತರ್ತಾ ಇದೀವಿ ಅಮ್ಮ. ನಿಮ್ಮ ಮಗನ ಫೋಟೊ ಬೇಕಿತ್ತು.”

“ಎಷ್ಟು ಬೇಕು?”

“ಇರೋದೆಲ್ಲಾ ಕೊಟ್ಟರೆ ಆರಿಸ್ಕೋತೀವಿ.”

“ಹ್ಞೂಂ,” ಎಂದರು. ಬಚ್ಚಲಿಗೆ ಹೋಗಿ ಮೊಣಕೈವರೆಗೂ ಸೋಪು ಹಚ್ಚಿ ಕೈ ತೊಳೆದು, ಸೆರಗಿನಿಂದಲ್ಲ, ಒಗೆದ ಟವಲಿನಿಂದ ಒರೆಸಿಕೊಂಡು ಬಂದರು. ಬೀರು ತೆಗೆದು ಒಂದೊಂದೇ ಫೋಟೊ ತಂದು ಮಂಚದ ಮೇಲಿಟ್ಟರು. ಒಂದು ವರ್ಷದ ಮಗು, ಕಣ್ಣಿಗೆಲ್ಲ ಕಾಡಿಗೆ. ಸ್ಕೂಲಿನ ಚೀಲಕ್ಕಿಂತ ಚಿಕ್ಕ ಹುಡುಗ. ಎನ್‌ಸಿಸಿ ಟೋಪಿ. ಗಿರಣಿಯ ಮುಂದೆ ಮೈಯೆಲ್ಲ ಹಿಟ್ಟಾಗಿ ಹಲ್ಲು ಬಿಡುತ್ತಿರುವುದು. ತರಬೇತಿ ಮುಗಿದ ದಿನ ಎದೆಯುಬ್ಬಿಸಿ ನಿಂತದ್ದು. ಕೊನೆಗೆ ಮದುವೆಯ ಆಲ್ಬಮ್ಮು. ಈ ಹೆಂಗಸಿಗೆ ಏನೂ ಗೊತ್ತಿಲ್ಲ, ಅಯ್ಯೋ ದೇವರೇ, ಎಂದುಕೊಂಡೆ. ಆದರೂ ಕಣ್ಣು ಗೋಡೆಯ ಕಡೆ ಹೋಯಿತು, ಅಲ್ಲೇನಾದರೂ ಉಳಿಯಿತೇ ಎಂದು. ದೇವರಪಟದ ಪಕ್ಕದಲ್ಲಿ ಒಂದು ಖಾಲಿ ಮೊಳೆ ಮಾತ್ರ ಇತ್ತು.

“ಹದಿನೆಂಟು,” ಎಂದರು ದೇವೀರಮ್ಮ. “ಆಲ್ಬಮ್ ಬುಟ್ಟು. ಮನೇಲಿ ಇನ್ನೊಂದೂ ಇಲ್ಲ. ಎಲ್ಲಾ ನೀವೇ ತಗೊಂಡೋದ್ರೆ ಬೇರೆ ಪೇಪರ್ನೋರಿಗೆ, ಟೀವಿಯೋರಿಗೆ ಸಿಕ್ಕಲ್ಲ ಅಲ್ವಾ ಸಾರ್?”

ನಾನು ಅವರ ಮುಖ ನೋಡಿದೆ.

“ನಂಗೆ ಬೆಳಿಗ್ಗೆ ಆರಕ್ಕೇ ಫೋನ್ ಬಂತು,” ಎಂದರು. “ಅವನ ಆಫೀಸರ್ರು. ಸೊಸೆ ಫೋನಿಗೆ ಮಾಡಿದ್ರು, ಅದು ನನ್ನ ತಾವ ಇತ್ತು. ಕನ್ನಡ ಬಲ್ಲೋರನ್ನ ಪಕ್ಕದಲ್ಲಿ ಕೂರಿಸ್ಕೊಂಡು ಹೇಳ್ಸಿದ್ರು, ಪಾಪ. ನಾಳಿದ್ದು ಕರ್ಕೊಂಡು ಬತ್ತಾರಂತೆ.”

ಕರೆದುಕೊಂಡು ಬರುತ್ತಾರಂತೆ! ಆ ಮಾತನ್ನು ಅವರು ಹೇಗೆ ಹೇಳಿದರೋ ಹಾಗೇ ಬರೆದಿದ್ದೇನೆ. ಮಂಚದ ತುದಿಗೆ ಕೂತುಬಿಟ್ಟೆ. ಆರು ಗಂಟೆಗೆ ಮಗ ಸತ್ತ ಸುದ್ದಿ ಕೇಳಿ ಏಳು ಗಂಟೆಗೆ ಗಿರಣಿ ಶುರು ಮಾಡಿದ ಹೆಂಗಸು ನನ್ನ ಎದುರಿಗೆ ನಿಂತಿದ್ದರು. ಹೊರಗೆ ಯಾರದೋ ಚಪಾತಿಗೆ ಹಿಟ್ಟು ಬೀಳುತ್ತಿತ್ತು.

“ಸೊಸೆ ಸಿಂಚನ ಆಸ್ಪತ್ರೇಲವ್ಳೆ,” ಎಂದರು. “ಒಂಬತ್ತು ತಿಂಗಳು ತುಂಬದೆ. ಬೀಪಿ ಏರಿ ಮೊನ್ನೆ ಅಡ್ಮಿಟ್ ಮಾಡ್ಕೊಂಡವ್ರೆ. ಇವತ್ತು ಮೂರು ಗಂಟೆಗೆ ಆಪರೇಶನ್. ಡಾಕ್ಟ್ರಮ್ಮಂಗೆ ಮಾತ್ರ ಹೇಳಿವ್ನಿ. ಅವರಂದ್ರು, ಮಗು ಆಚೆಗೆ ಬರೋಗಂಟ ಅವಳಿಗೆ ಗೊತ್ತಾಗ್ಬಾರ್ದು, ಗೊತ್ತಾದ್ರೆ ಇಬ್ಬರ ಜೀವಕ್ಕೂ ಕಷ್ಟ ಅಂತ. ಅವಳ ಪಕ್ಕದಲ್ಲಿರೋ ಅವರಮ್ಮ ಮಾದೇವಮ್ಮಂಗೂ ಹೇಳಿಲ್ಲ. ಮೂರು ದಿನದಿಂದ ಈ ಬೀದಿ ಜನ ನನ್ನ ಮುಖಾನೇ ನೋಡ್ತಾವ್ರೆ ಸಾರ್. ಮಿಲ್ಲು ನಿಂತ್ರೆ ಸಾಕು, ಎಲ್ಲಾ ಒಳಗೆ ಬತ್ತಾರೆ. ಪಕ್ಕದ್ಮನೆ ಅಂಬುಜಮ್ಮ ಮಾದೇವಮ್ಮಂಗೆ ಊಟದ ಕ್ಯಾರಿಯರ್ ತಗೊಂಡು ಆಸ್ಪತ್ರೆಗೆ ಹೋಗ್ಬೇಕು. ಅವಳು ಒಳ್ಳೇಳು, ಆದ್ರೆ ಅವಳ ಮುಖದಲ್ಲಿ ಏನೂ ನಿಲ್ಲಲ್ಲ. ಅದಕ್ಕೇ ನಿಲ್ಲಿಸ್ದೆ ಓಡಿಸ್ತಾ ಇವ್ನಿ.”

ನಾನು ನಾಲ್ಕಾರು ಸಾವಿನ ಮನೆ ನೋಡಿದವನಲ್ಲ, ನೂರಾರು ನೋಡಿದವನು. ಇಂಥದ್ದನ್ನು ನೋಡಿರಲಿಲ್ಲ. ಅಲ್ಲೆಲ್ಲೋ ಬೆಟ್ಟದ ಮೇಲೆ ನಡೆಯುತ್ತಿದೆ ಎಂದುಕೊಂಡಿದ್ದ ಯುದ್ಧ ಕುಂಬಾರಕೊಪ್ಪಲಿನ ಈ ಕೋಣೆಗೆ ಬಂದಿತ್ತು, ಈ ತಾಯಿ ಒಬ್ಬರೇ ಅದಕ್ಕೆ ಅಡ್ಡ ನಿಂತಿದ್ದರು. ಅವರ ಕಾಲಿಗೆ ಬೀಳಬೇಕು ಅನ್ನಿಸಿತು. ನನ್ನ ಚೀಲದಲ್ಲಿ ಮೊಬೈಲು, ಅದರಲ್ಲಿ ವಿಡಿಯೊ ಮಾಡಲು ತೆಗೆದಿಟ್ಟ ಜಾಗ, ಎಲ್ಲಾ ನೆನಪಾಗಿ ನಾಚಿಕೆಯಾಯಿತು.

“ಅಮ್ಮಾ, ಫೋಟೊ ಎಲ್ಲಾ ತಗೊಂಡರೆ ಬೇರೆಯವರಿಗೆ ಸಿಕ್ಕಲ್ಲ ಅನ್ನೋದು ನಿಮಗೆ ಹೆಂಗೆ ಗೊತ್ತು?” ಎಂದು ಕೇಳಿದೆ.

“ನೀವೇ ಹೇಳ್ಕೊಟ್ಟಿದ್ದು.” ಅವರ ದನಿಯಲ್ಲಿ ಸಿಟ್ಟಿರಲಿಲ್ಲ. “ಇಪ್ಪತ್ನಾಲ್ಕು ವರ್ಷ ಆಯ್ತು. ಒಳಚರಂಡಿ ಕೆಲ್ಸದಲ್ಲಿ ಮಣ್ಣು ಕುಸಿದು ನಮ್ಮೆಜಮಾನ್ರು ಹೋದಾಗ ಮೊದ್ಲು ಬಂದೋರು ನೀವು. ಆವಾಗ ಮೀಸೆ ಇತ್ತು ನಿಮಗೆ. ಆ ಮೊಳೇಲಿದ್ದ ಫೋಟೊ ಕಳಚ್ಕೊಂಡು, ‘ನಾಳೆನೇ ತಂದ್ಕೊಡ್ತೀನಿ ಅಮ್ಮ’ ಅಂದ್ರಿ. ಆಮೇಲೆ ಬಂದ ಪೇಪರ್ನೋರೆಲ್ಲ ಗೋಡೆ ನೋಡ್ಕೊಂಡು ಬೈಕೊಂಡೋದ್ರು. ಅವರದ್ದು ಅಂತ ಇದ್ದಿದ್ದು ಅದೊಂದೇ ಫೋಟೊ ಸಾರ್. ಸ್ವರೂಪ್ ಎರಡು ವರ್ಷದೋನು. ಅವನಿಗೆ ಅವರಪ್ಪನ ಮುಖಾನೇ ನೆನಪಿರ್ಲಿಲ್ಲ. ಪೇಪರಲ್ಲಿ ಬಂದಿದ್ದು ಬರೀ ಮಸಿ.”

ನನಗೆ ನೆನಪೇ ಇರಲಿಲ್ಲ. ಎಷ್ಟು ತಡಕಿದರೂ ಆ ದಿನ, ಆ ಮನೆ, ಆ ಮುಖ, ಒಂದೂ ಬರಲಿಲ್ಲ. ಮೀಸೆ ಮಾತ್ರ ನಿಜ. ಪತ್ರಿಕೆಯ ಆಫೀಸು ಅದಾದಮೇಲೆ ಎರಡು ಸಲ ಜಾಗ ಬದಲಾಯಿಸಿದೆ, ಹಳೇ ಫೋಟೊಗಳ ಮೂಟೆ ಎಲ್ಲಿಗೆ ಹೋಯಿತೋ ಯಾರಿಗೂ ಗೊತ್ತಿಲ್ಲ. ಆ ನೋವನ್ನು ಇಟ್ಟುಕೊಂಡೇ ಈಕೆ ಹದಿನೆಂಟು ಫೋಟೊ ನನ್ನ ಕೈಗೆ ಕೊಡುತ್ತಿದ್ದರಲ್ಲ!

“ನನ್ನ ಯಾಕೆ ನಂಬ್ತೀರಿ ಅಮ್ಮ?” ಎಂದೆ.

“ನಂಬ್ತಾ ಇದೀನಿ ಅಂತ ಯಾರೇಳಿದ್ರು? ಬೇರೆ ದಾರಿ ಇಲ್ಲ. ಮೊದ್ಲು ಬಂದೋರು ನೀವು.” ಅವರು ಫೋಟೊಗಳನ್ನೂ ಆಲ್ಬಮ್ಮನ್ನೂ ಒಂದು ಬಟ್ಟೆಚೀಲಕ್ಕೆ ಹಾಕಿ ನನ್ನ ತೊಡೆಯ ಮೇಲಿಟ್ಟರು. “ಮೂರು ಗಂಟೆಗಂಟ ಬರೀಬೇಡಿ. ಆಮೇಲೆ ಹದಿನೆಂಟೂ ವಾಪಸ್ ಬರ್ಬೇಕು. ಹುಟ್ಟೋ ಮಗುವಾದ್ರೂ ಅವರಪ್ಪನ್ನ ನೋಡ್ಲಿ.”

ಫೋನು ಹೊಡೆದುಕೊಂಡಿತು. ವಸಿಷ್ಠ. ಗಿರಣಿಯ ಗದ್ದಲದಲ್ಲಿ ಅವನ ಕೂಗು ಸೊಳ್ಳೆಯಷ್ಟು ಕೇಳಿಸಿತು. “ಫೋಟೊ ಸಿಕ್ತಾ ಸಾರ್?”

ಮಡಿಲಲ್ಲಿ ಹದಿನೆಂಟು ಫೋಟೊ ಇಟ್ಟುಕೊಂಡು “ಇಲ್ಲ” ಎಂದೆ. “ಒಂದೂ ಇಲ್ಲ. ಸುದ್ದಿನೂ ಖಾತ್ರಿಯಿಲ್ಲ. ಹಾಕಬೇಡಿ.”

“ಖಾತ್ರಿ ಆಮೇಲೆ ನೋಡ್ಕೊಳ್ಳೋಣ—”

“ಹಾಕಿದರೆ ನನ್ನ ಹೆಸರು ತೆಗೆದುಬಿಡಿ, ಕೆಲಸದಿಂದಲೂ ತೆಗೆದುಬಿಡಿ,” ಎಂದು ಫೋನಿಟ್ಟೆ. ಖಾತ್ರಿಯಾದ ಸುದ್ದಿಯನ್ನು ನಾನು ಬಚ್ಚಿಟ್ಟದ್ದು ಅದೇ ಮೊದಲು. ಅದು ಸರಿಯೇ? ಒಂದು ಆಸ್ಪತ್ರೆಯ ಕೋಣೆಗಾಗಿ ಊರಿಗೆಲ್ಲ ಸುಳ್ಳು ಹೇಳಬಹುದೇ? ಇವತ್ತಿಗೂ ನನ್ನ ಜೊತೆಯವರು ಈ ಬಗ್ಗೆ ಜಗಳಕ್ಕೆ ಬರುತ್ತಾರೆ. ಬರಲಿ. ಅವರು ಆ ಗಿರಣಿಯ ಒಳಗೆ ನಿಂತಿರಲಿಲ್ಲ.

ಆಮೇಲೆ ಸರ್ಕಲ್ಲಿನ ಫ್ಲೆಕ್ಸ್ ಅಂಗಡಿಯ ದಿಲೀಪ್ ಫೋನು ಮಾಡಿದ. ಗಾಳಿಸುದ್ದಿ ಅವನವರೆಗೆ ಬಂದುಬಿಟ್ಟಿತ್ತು. “ಸಾರ್, ಯಾರೋ ಸೋಲ್ಜರ್ ಅಂತಲ್ಲ, ಫೋಟೊ ಇದ್ರೆ ಕಳ್ಸಿ, ಹುಡುಗ್ರು ಶ್ರದ್ಧಾಂಜಲಿ ಫ್ಲೆಕ್ಸ್ ಕೇಳ್ತಾವ್ರೆ, ಆಸ್ಪತ್ರೆ ಮುಂದಿನ ಸರ್ಕಲ್‌ಗೇ ಒಂದು ಹಾಕ್ಬುಡಣ!” ಇಪ್ಪತ್ತಡಿ ಎತ್ತರದ ಸ್ವರೂಪ್, ಕಿಟಕಿಯಾಚೆ ಕಾಣುವಂತೆ! “ಬೇರೆ ಊರಿನವನಂತೆ ಕಣಯ್ಯ, ಸುಮ್ನೆ ಇರು,” ಎಂದು ಗದರಿಬಿಟ್ಟೆ. ಫೋಟೊ ಇಲ್ಲದೆ ಅವನೇನು ಮಾಡಿಯಾನು? ದೇವೀರಮ್ಮ ಎಷ್ಟು ದೂರ ಯೋಚಿಸಿದ್ದರು ಎಂಬುದು ಆಗ ನನಗೆ ಪೂರ್ತಿ ಹೊಳೆಯಿತು.

ಒಂದು ಗಂಟೆಯ ಹೊತ್ತಿಗೆ ಡಬ್ಬಗಳು ಮುಗಿದವು. ಕೊನೆಯ ಡಬ್ಬದ ಹೆಂಗಸು ಹಿಟ್ಟು ಹೊತ್ತುಕೊಂಡು ಹೋದಳು. ದೇವೀರಮ್ಮ ಬಾಗಿಲಿಂದಾಚೆ ನೋಡಿದರು. ಬೀದಿಯಲ್ಲಿ ಯಾರೂ ಬರುತ್ತಿರಲಿಲ್ಲ. ಅವರ ಮುಖದಲ್ಲಿ ಗಾಬರಿ ಕಂಡದ್ದು ಆಗ ಮಾತ್ರ.

“ಕಾಳಿಲ್ದೆ ಓಡ್ಸಿದ್ರೆ ಕಲ್ಲಿಗೆ ಕಲ್ಲು ಉಜ್ಜಿ ಸದ್ದೇ ಬೇರೆ ಆಯ್ತದೆ ಸಾರ್. ಬೀದಿಯೋರಿಗೆ ಗೊತ್ತಾಗ್ಬುಡ್ತದೆ.”

ನಾನು ಎದ್ದೆ. ಮೂಲೆಯ ಅಂಗಡಿಯಿಂದ ಒಂದು ಮೂಟೆ ರಾಗಿ ಸ್ಕೂಟರಿನ ಮುಂದೆ ಇಟ್ಟುಕೊಂಡು ಬಂದೆ. ಅಂಗಡಿಯವನು “ಏನ್ ಸಾರ್, ಮದ್ವೆನಾ?” ಎಂದ. ಶರಟಿನ ತೋಳು ಮಡಚಿ, ಅವರು ತೋರಿಸಿಕೊಟ್ಟ ಹಾಗೆ ಬೊಗಸೆ ಬೊಗಸೆಯಾಗಿ ಸುರಿಯತೊಡಗಿದೆ. ಜೋರಾಗಿ ಸುರಿದರೆ ಬೇಗ ಮುಗಿಯುತ್ತದೆ, ಕಮ್ಮಿ ಸುರಿದರೆ ಸದ್ದು ಕೆಡುತ್ತದೆ. ನಮ್ಮ ಮನೆತನದಲ್ಲಿ ಯಾರೂ ರಾಗಿ ಬೀಸಿದ್ದಿಲ್ಲ. ಒಂದೂವರೆ ಆಯಿತು. ಪುಟ ಹೋಯಿತು, ನನ್ನ ಸುದ್ದಿಯಿಲ್ಲದೆ. ಅಂಬುಜಮ್ಮ ಕ್ಯಾರಿಯರ್ ತೂಗಿಸಿಕೊಂಡು ಬಂದು, “ಸಿಂಚನಂಗೆ ಏನಾರ ಹೇಳ್ಬೇಕಾ ದೇವೀರಕ್ಕ?” ಎಂದು ಬಾಗಿಲಿಂದಲೇ ಕೂಗಿದರು. ದೇವೀರಮ್ಮ ಸದ್ದಿನ ಮೇಲೆ ದನಿಯೆತ್ತಿ ಕೂಗಿದರು: “ಧೈರ್ಯವಾಗಿರು ಅಂತ ಹೇಳವ್ವ! ಸ್ವರೂಪ್ ಫೋನ್ ಮಾಡಿದ್ದ, ಚೆನ್ನಾಗವ್ನೆ ಅಂತ ಹೇಳು!” ಹೇಳಿ, ನಗುತ್ತಲೇ ಕೈಬೀಸಿ ಕಳಿಸಿದರು. ಆ ನಗುವನ್ನು ನಾನು ಜೀವ ಇರುವವರೆಗೆ ಮರೆಯಲಾರೆ. ಅಂಬುಜಮ್ಮ ತಿರುವಿನಲ್ಲಿ ಮರೆಯಾದ ಮೇಲೆ ಅವರು ಗಿರಣಿಯ ಕಂಬ ಹಿಡಿದುಕೊಂಡು ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ನಿಂತರು.

ಎರಡೂವರೆಗೆ ಕೇಬಲ್ ಚಾನಲ್ಲಿನವನೊಬ್ಬ ಮೈಕ್ ಹಿಡಿದು ಬಂದ. ವಾರಕ್ಕೆ ಮೂರು ಸಲ ಪ್ರೆಸ್ ಮೀಟಿನಲ್ಲಿ ನನ್ನ ಪಕ್ಕದಲ್ಲೇ ಕೂರುವವನು. ತಲೆಯಿಂದ ಕಾಲಿನವರೆಗೆ ರಾಗಿಹಿಟ್ಟು ಮೆತ್ತಿಕೊಂಡಿದ್ದ ನನ್ನನ್ನು ಗುರುತೇ ಹಿಡಿಯಲಿಲ್ಲ. “ಅಮ್ಮ, ನಿಮ್ಮ ಮಗನ ಫೋಟೊ ಒಂದು...” ಎಂದ.

“ಒಂದೂ ಇಲ್ಲ ಕಣಪ್ಪ. ಬೇಕಾದ್ರೆ ಒಳಗೋಗಿ ಗೋಡೆ ನೋಡು.”

ಅವನು ಗೋಡೆ ನೋಡಿದ, ಮೊಳೆ ನೋಡಿದ, ಓಡುತ್ತಿರುವ ಗಿರಣಿಯನ್ನೂ ನೋಡಿದ. ಏನೂ ಆಗಿಲ್ಲವೆಂದುಕೊಂಡು ಹೊರಟುಹೋದ.

ಮೂರು ಗಂಟೆ ಇಪ್ಪತ್ತೈದು ನಿಮಿಷಕ್ಕೆ ಮಾದೇವಮ್ಮನ ಫೋನು ಬಂತು. ದೇವೀರಮ್ಮ ಒಂದು ಕಿವಿ ಮುಚ್ಚಿಕೊಂಡು ಕೇಳಿಸಿಕೊಂಡರು. “ಹೆಣ್ಣಾ? ತಾಯಿ? ಅವಳು ಹೆಂಗವ್ಳೆ? ಕಣ್ಣು ಬುಟ್ಲಾ? ಸರಿ ಕಣವ್ವ, ಸರಿ.” ಫೋನನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಗೋಡೆಯ ಹತ್ತಿರ ಹೋಗಿ ಸ್ವಿಚ್ ಒತ್ತಿದರು.

ಬೆಲ್ಟು ನಿಧಾನವಾಯಿತು. ಕಲ್ಲು ಇನ್ನೊಂದಿಷ್ಟು ಸುತ್ತು ಹಾಕಿ ನಿಂತಿತು. ಬೆಳಗಿನಿಂದ ಕಿವಿಯಲ್ಲಿ ತುಂಬಿಕೊಂಡಿದ್ದ ಸದ್ದು ಹೋಗಿ, ಎಲ್ಲೋ ಕುಕ್ಕರ್ ಕೂಗಿದ್ದು ಕೇಳಿಸಿತು. ಅವರು ಹೇಳಿದ ಹಾಗೇ ಆಯಿತು. ಒಂದು ಬಾಗಿಲು ತೆರೆಯಿತು, ಇನ್ನೊಂದು ತೆರೆಯಿತು. ಹೆಂಗಸರು ಕೈ ಒರೆಸಿಕೊಳ್ಳುತ್ತ ಬೀದಿಗೆ ಬಂದರು, ಒಬ್ಬರ ಮುಖ ಒಬ್ಬರು ನೋಡಿಕೊಂಡು ಗಿರಣಿಯ ಕಡೆ ನಡೆದರು. ದೇವೀರಮ್ಮ ಬಾಗಿಲಲ್ಲಿ ನಿಂತು ಅವರನ್ನು ಬರಲು ಬಿಟ್ಟರು.

“ಮೊಮ್ಮಗಳು ಹುಟ್ಟವ್ಳೆ ಕಣ್ರವ್ವ,” ಎಂದರು. “ನನ್ನ ಮಗ ಇಲ್ಲ.”

ಅಷ್ಟು ಹೇಳಿ ರಾಗಿ ಮೂಟೆಯ ಮೇಲೆ ಕುಸಿದರು. ಆಮೇಲೆ ಅವರು ಅತ್ತದ್ದನ್ನು ನಾನು ಬರೆಯುವುದಿಲ್ಲ. ಅವತ್ತೂ ಬರೆಯಲಿಲ್ಲ. ನಾನೂ ಅತ್ತೆ, ಅದನ್ನು ಬೇಕಾದವರು ಬರೆದುಕೊಳ್ಳಲಿ.

ನಾಲ್ಕೂವರೆಗೆ ಆಸ್ಪತ್ರೆಗೆ ಹೊರಡುವ ಮುಂಚೆ ಅವರು ನನ್ನ ಹತ್ತಿರ ಬಂದರು. ಸಿಂಚನಳಿಗೆ ತಾವೇ ಹೇಳಬೇಕು ಎಂದರು. ನಾನು ಬಟ್ಟೆಚೀಲ ಚಾಚಿದೆ. ಅಷ್ಟು ಹೆಂಗಸರ ನಡುವೆ, ಕಣ್ಣೀರಿನಲ್ಲಿ ಹಿಟ್ಟು ಕಲಸಿಹೋದ ಮುಖದಲ್ಲೇ, ಅವರು ಒಂದೊಂದಾಗಿ ಎಣಿಸಿದರು. ಹದಿನೆಂಟು ಬಂತು, ಆಲ್ಬಮ್ಮೂ ಇತ್ತು. ಎನ್‌ಸಿಸಿ ಟೋಪಿಯದನ್ನು ಎತ್ತಿಹಿಡಿದು, “ಇದನ್ನ ಹಾಕಿ ಪೇಪರ್ಗೆ,” ಎಂದರು. ನಾನು ಅದನ್ನು ಅವರ ಕೈಯಲ್ಲಿದ್ದ ಹಾಗೇ ಮೊಬೈಲಿನಲ್ಲಿ ತೆಗೆದುಕೊಂಡೆ. ಫೋಟೊ ಮುಟ್ಟಲಿಲ್ಲ.

“ನಮ್ಮೆಜಮಾನ್ರುದು?” ಎಂದರು.

ನಾನು ತಲೆಯಲ್ಲಾಡಿಸಿದೆ. “ಇಲ್ಲ ಅಮ್ಮ. ಹೋಗೇಬಿಟ್ಟಿದೆ. ತಪ್ಪಾಯ್ತು.”

“ಗೊತ್ತು ಬುಡಿ. ಕೇಳ್ಬೇಕು ಅಂತ ಇಪ್ಪತ್ನಾಲ್ಕು ವರ್ಷದಿಂದ ಇತ್ತು, ಕೇಳ್ದೆ.”

ಮರುದಿನದ ಬೆಳಗಿನ ಪತ್ರಿಕೆಗಳಲ್ಲೆಲ್ಲ ಸುದ್ದಿ ಬಂತು, ನಮ್ಮಲ್ಲಿ ಎಲ್ಲರಿಗಿಂತ ಕೊನೆಗೆ ಬಂತು. ವಸಿಷ್ಠ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ, ಮೂರನೆಯ ದಿನ ನನ್ನನ್ನು ಸಭೆ ಸಮಾರಂಭಗಳ ಪುಟಕ್ಕೆ ಹಾಕಿದ. ಹಾಕಲಿ. ಹನ್ನೊಂದನೇ ದಿನದ ತಿಥಿಯೂ ಮುಗಿದ ಮೇಲೆ ಒಂದು ಮಧ್ಯಾಹ್ನ ದೇವೀರಮ್ಮ ಫೋನು ಮಾಡಿದರು.

“ಸಾರ್, ಮಗಿಗೆ ಅವರ ತಾತನ, ನಮ್ಮೆಜಮಾನ್ರ ಮುಖಾನೇ ಬಂದದೆ. ಅದೇ ಹಣೆ, ಅದೇ ಅಗಲ ಕಿವಿ. ಬಂದು ಒಂದು ಫೋಟೊ ತಗೀರಿ. ಪೇಪರ್ಗಲ್ಲ, ಗೋಡೆಗೆ.”

ಹೋದೆ. ಸಿಂಚನ ಮಗುವನ್ನು ಮಡಿಲಲ್ಲಿಟ್ಟುಕೊಂಡು ಮಂಚದ ಮೇಲೆ ಕೂತಿದ್ದಳು. ತುಂಬಾ ಸೊರಗಿದ್ದಳು. “ನೀವೇನಾ ಸಾರ್ ರಾಗಿ ಬೀಸ್ದೋರು?” ಎಂದಳು, ಮತ್ತೇನೂ ಕೇಳಲಿಲ್ಲ. ದೇವೀರಮ್ಮ ಕೈ ತೊಳೆದುಕೊಂಡು ಬಂದು ಮಗುವಿನ ಕುಲಾವಿ ಸರಿಸಿ ಹಣೆ ತೋರಿಸಿದರು. ನಾನು ಆ ಪುಟ್ಟ ಮುಖವನ್ನು ಬಹಳ ಹೊತ್ತು ನೋಡಿದೆ. ಎಂದೋ ಒಂದು ದಿನ ಈ ಗೋಡೆಯಿಂದ ಕಳಚಿಕೊಂಡು ಹೋಗಿದ್ದ, ಒಂದು ಸಲವೂ ನೆಟ್ಟಗೆ ನೋಡಿರದಿದ್ದ ಮುಖವನ್ನು ಇವತ್ತು ಮೊದಲ ಸಲ ನೋಡುತ್ತಿದ್ದೆ. ಮಗು ನನ್ನ ಕಡೆ ಕಣ್ಣು ತಿರುಗಿಸಿತು, ಮೊಬೈಲಿನಲ್ಲಿ ಫೋಟೊ ತೆಗೆದೆ.

“ನಾಳೆನೇ ತಂದ್ಕೊಡ್ತೀನಿ ಅಮ್ಮ,” ಎಂದೆ.

ದೇವೀರಮ್ಮ ನನ್ನ ಮುಖವನ್ನೇ ನೋಡಿದರು.

ಮರುದಿನ ಬೆಳಿಗ್ಗೆ ಹತ್ತು ಗಂಟೆಗೆ, ಕಟ್ಟು ಹಾಕಿಸಿದ ಫೋಟೊ ತೆಗೆದುಕೊಂಡು ಹೋಗಿ ಆ ಮೊಳೆಗೆ ನಾನೇ ನೇತುಹಾಕಿದೆ. ಗಿರಣಿ ಓಡುತ್ತಿತ್ತು.